ಕೆಂಪು ಪಟ್ಟಿ ಕಾಣದ ಸ್ಟ್ರಾಂಡ್: ಸಿಂಟರ್‌ನ ಮೆಷಿನ್ ಮೇಲೇ ತಂಪು ಮಾಡೋ ಪ್ಲಾಂಟ್‌ಗಳ ಬಗ್ಗೆ

ಸಿಂಟರ್ ಪ್ಲಾಂಟ್, ಅಂದ್ರೆ ಅದಿರಿನ ಪುಡಿ ಸುಟ್ಟು ಗಟ್ಟಿ ತುಂಡು ಮಾಡೋ ಪ್ಲಾಂಟ್, ಅದರ ಡ್ರಾಯಿಂಗ್ ನೋಡಿದ್ರೆ ಎಲ್ರಿಗೂ ಕೂಲರ್ ಅನ್ನೋದು ಕೊನೇಲಿ ಅಂಟಿಸಿರೋ ಒಂದು ಡಬ್ಬದ ಥರ ಕಾಣತ್ತೆ. ಸುಡೋ ಕೆಲಸ ಇಲ್ಲಿಗೆ ಮುಗೀತು, ತಂಪು ಮಾಡೋ ಕೆಲಸ ಅಲ್ಲಿಂದ ಶುರು, ಮಧ್ಯ ಒಂದು ಕ್ರಷರ್ ಇದೆ, ಅಷ್ಟೇ. ನಾನೂ ಮೊದಮೊದಲು ಹಾಗೇ ಅಂದ್ಕೊಂಡಿದ್ದೆ. ಆದ್ರೆ ಸಿಂಟರ್ ಬೆಡ್ ತಂಪಾಗೋಕೆ ಶುರುವಾಗೋದು ಮೇಲ್ಮೈಗೆ ಬೆಂಕಿ ಹಚ್ಚೋ ಇಗ್ನಿಷನ್ ಫರ್ನೇಸ್ ದಾಟಿದ ಸ್ವಲ್ಪ ಹೊತ್ತಿಗೇ. ಇವತ್ತು ನಾನು ಮಾತಾಡೋ ಪ್ಲಾಂಟ್‌ಗಳಲ್ಲಿ ಪ್ರತ್ಯೇಕ ಕೂಲರೇ ಇರಲ್ಲ, ಸ್ಟ್ರಾಂಡ್ ಅಂದ್ರೆ ಮಿಕ್ಸ್ ಹೊತ್ತು ಸಾಗೋ ಪ್ಯಾಲೆಟ್ ಬಂಡಿಗಳ ಸಾಲು, ಅದನ್ನೇ ಉದ್ದ ಮಾಡಿ ಅದರ ಮೇಲೇ ತಂಪು ಮಾಡ್ತಾರೆ, ಆನ್ ಸ್ಟ್ರಾಂಡ್ ಕೂಲಿಂಗ್ ಅಂತ. ಸುಡೋದೂ ತಂಪಾಗೋದೂ ಒಂದೇ ಕೆಲಸದ ಎರಡು ಭಾಗ ಅಂತ ತಲೆಗೆ ಹೋಗದಿದ್ರೆ ಈ ಮೆಷಿನ್ ಡಿಸೈನ್ ಮಾಡೋಕೂ ಆಗಲ್ಲ ಓಡಿಸೋಕೂ ಆಗಲ್ಲ.

ಇಲ್ಲಿ ಎಲೆಕ್ಟ್ರಿಕಲ್ ಕಡೆಯವ್ರೂ ಇದೀರ, ಸ್ಟೂಡೆಂಟ್ಸೂ ಇದೀರ, ಹಾಗಾಗಿ ಎರಡು ನಿಮಿಷ ಬುಡದಿಂದ ಹೇಳ್ತೀನಿ, ಗೊತ್ತಿರೋರು ಸಹಿಸ್ಕೊಳ್ಳಿ. ಬ್ಲಾಸ್ಟ್ ಫರ್ನೇಸ್‌ಗೆ ಪುಡಿ ಅದಿರು ಆಗ್ಬರಲ್ಲ, ಮೇಲಿಂದ ಪುಡಿ ಸುರಿದ್ರೆ ಕೆಳಗಿಂದ ಬರೋ ಗಾಳಿಗೆ ದಾರಿನೇ ಸಿಗಲ್ಲ. ಅದಕ್ಕೆ 10 ಎಂಎಂಗಿಂತ ಸಣ್ಣ ಅದಿರಿನ ಪುಡಿ, ಸುಣ್ಣದಕಲ್ಲು, ಡಾಲಮೈಟ್, ಕೋಕ್ ಬ್ರೀಜ್ ಅಂದ್ರೆ ಕೋಕ್ ಪುಡಿ, ಹಿಂದಿನ ರೌಂಡಿನ ರಿಟರ್ನ್ ಫೈನ್ಸ್, ಮಿಲ್ ಸ್ಕೇಲ್ ಥರದ ಪ್ಲಾಂಟಿನ ಕಸ, ಇವೆಲ್ಲ ಸೇರಿಸಿ, 6ರಿಂದ 8 ಪರ್ಸೆಂಟ್ ನೀರು ಹಾಕಿ, ಡ್ರಮ್ಮಲ್ಲಿ ಉರುಳಿಸಿ ಕಾಳು ಕಟ್ಟಿಸಿ, ಚಲಿಸೋ ಪ್ಯಾಲೆಟ್ ಮೇಲೆ 500ರಿಂದ 700 ಎಂಎಂ ದಪ್ಪ ಹಾಸ್ತೀವಿ. ಮೇಲ್ಮೈಗೆ 1100ರಿಂದ 1200 ಡಿಗ್ರಿಯಲ್ಲಿ ಒಂದೂವರೆ ನಿಮಿಷ ಬೆಂಕಿ ತೋರಿಸ್ತೀವಿ, ಕೆಳಗಿಂದ ಫ್ಯಾನಲ್ಲಿ ಗಾಳಿ ಎಳೀತೀವಿ. ಅಲ್ಲಿಂದ ಬೆಂಕಿ ತಾನೇ ಇಳ್ಕೊಂಡು ಹೋಗತ್ತೆ, ನಿಮಿಷಕ್ಕೆ ಸುಮಾರು 20 ಎಂಎಂ. ಡ್ವೈಟ್ ಮತ್ತೆ ಲಾಯ್ಡ್ ಅನ್ನೋ ಇಬ್ರು 1906ರಲ್ಲಿ ಮೆಕ್ಸಿಕೋದ ಕನನೇಯಾದಲ್ಲಿ ಶುರು ಮಾಡಿದ ಐಡಿಯಾ ಇದು, ಅವ್ರು ಮಾಡಿದ್ದು ಕಬ್ಬಿಣದ ಅದಿರಿಗೆ ಅಲ್ಲವೇ ಅಲ್ಲ, ಕಬ್ಬಿಣದವ್ರು ಆಮೇಲೆ ಎತ್ಕೊಂಡ್ರು.

ಸಿಗರೇಟ್ ಎಳೆಯೋದನ್ನ ನೆನಪು ಮಾಡ್ಕೊಳ್ಳಿ. ಎಳೆದ ಕಡೆಗೇ ಕೆಂಡ ಬರತ್ತೆ, ಹಿಂದೆ ಬೂದಿ ತಣ್ಣಗಾಗಿರತ್ತೆ. ಸಿಂಟರ್ ಬೆಡ್ಡಲ್ಲೂ ಅದೇ. ಮೇಲಿಂದ ಬರೋ ತಣ್ಣನೆ ಗಾಳಿ ಮೊದಲು ಆಗಲೇ ಸುಟ್ಟು ಕೇಕ್ ಆಗಿರೋ ಮೇಲಿನ ಪದರ ಹಾದು ಬರತ್ತೆ, ಅದನ್ನ ತಂಪು ಮಾಡತ್ತೆ, ತಾನು ಬಿಸಿಯಾಗತ್ತೆ, ಆ ಬಿಸಿ ಗಾಳಿನೇ ಕೆಳಗೆ ಕೋಕ್ ಸುಡೋಕೆ ಹೋಗೋದು. ಅದಕ್ಕೇ ಬೆಡ್ಡಿನ ಕೆಳಭಾಗಕ್ಕೆ ಶಾಖ ಜಾಸ್ತಿ ಸಿಗತ್ತೆ, ಮೇಲಿನ ಪದರ ಯಾವಾಗ್ಲೂ ಬಡಪಾಯಿ, ಅದಕ್ಕೆ ಶಾಖನೂ ಕಡಿಮೆ, ತಂಪಾಗೋದೂ ಗಡಿಬಿಡಿಲಿ, ಅದಕ್ಕೆ ಮೇಲಿನ ಪದರದ ಸಿಂಟರ್ ಬೇಗ ಪುಡಿಯಾಗತ್ತೆ. ಬೆಂಕಿ ಗ್ರೇಟ್ ಬಾರ್, ಅಂದ್ರೆ ಪ್ಯಾಲೆಟ್ ತಳದ ಸರಳು, ಮುಟ್ಟೋ ಜಾಗಕ್ಕೆ ಬರ್ನ್ ಥ್ರೂ ಪಾಯಿಂಟ್ ಅಂತೀವಿ, ಬಿಟಿಪಿ. ಆ ಹೊತ್ತಿಗೆ ಮೇಲಿನ ಭಾಗ ಹೆಚ್ಚೂ ಕಮ್ಮಿ ಕಪ್ಪಾಗಿರತ್ತೆ, ತಳ ಮಾತ್ರ ಸಾವಿರ ಡಿಗ್ರಿ ಮೇಲೆ ಕೆಂಪಗಿರತ್ತೆ, ಒಟ್ಟು ಸರಾಸರಿ ತೆಗೆದ್ರೆ 600 ಆಸುಪಾಸು ಅಂತ ಇಟ್ಕೊಳ್ಳಿ.

ಸಾಮಾನ್ಯ ಪ್ಲಾಂಟಲ್ಲಿ ಇಲ್ಲಿಗೇ ಸ್ಟ್ರಾಂಡ್ ಮುಗಿಯತ್ತೆ. ಬಿಸಿ ಕೇಕ್ ಬೀಳತ್ತೆ, ಹಲ್ಲಿನ ಕ್ರಷರ್ ಒಡೆಯತ್ತೆ, ಆಮೇಲೆ ದುಂಡಗೆ ಸುತ್ತೋ ಕೂಲರಲ್ಲಿ ಕೆಳಗಿಂದ ಮೇಲಕ್ಕೆ ಗಾಳಿ ಊದಿ 100 ಡಿಗ್ರಿ ಹತ್ರಕ್ಕೆ ತರ್ತೀವಿ, ಯಾಕಂದ್ರೆ ಮುಂದೆ ರಬ್ಬರ್ ಬೆಲ್ಟ್ ಕಾಯ್ತಿರತ್ತೆ. ಆನ್ ಸ್ಟ್ರಾಂಡಲ್ಲಿ ಬಿಸಿ ಇರೋವಾಗ ಕೇಕನ್ನ ಒಡೆಯೋದೇ ಇಲ್ಲ, ಅದೇ ಪ್ಯಾಲೆಟ್ ಮೇಲೆ ಇನ್ನೊಂದಿಷ್ಟು ದೂರ ಕರ್ಕೊಂಡು ಹೋಗ್ತಾ ಮೇಲಿಂದ ಕೆಳಕ್ಕೇ ಗಾಳಿ ಎಳೀತಾ ಇರ್ತೀವಿ. ಕ್ರಷರ್ ನೋಡೋದು ತಣ್ಣಗಿರೋ ಕೇಕ್, ಶಾಫ್ಟಿಗೆ ನೀರು ಹರಿಸೋ ಗೋಳಿಲ್ಲ, ಬಿಸಿ ಧೂಳು ಮುಖಕ್ಕೆ ಹೊಡೆಯಲ್ಲ, ಕೂಲರ್ ಅನ್ನೋ ಇನ್ನೊಂದು ದೊಡ್ಡ ಸುತ್ತೋ ಮೆಷಿನ್ನಿನ ವೀಲು, ಸೀಲು, ಟ್ರಾಕ್ ಯಾವ ರಗಳೆನೂ ಇಲ್ಲ. ಕೇಳೋಕೆ ಚೆನ್ನಾಗಿದೆ ಅಲ್ವಾ? ಬಿಲ್ ಬೇರೆ ಕಡೆಯಿಂದ ಬರತ್ತೆ, ಅದನ್ನೀಗ ಲೆಕ್ಕ ಹಾಕೋಣ, ಪೆನ್ ಇದ್ರೆ ತಗೊಳ್ಳಿ.

ದಿನಕ್ಕೆ 3,000 ಟನ್ ಸಿಂಟರ್ ಬೇಕು ಅಂತಿಟ್ಕೊಳ್ಳಿ, ಸಣ್ಣ ಪ್ಲಾಂಟೇ. ಒಂದು ಚದರ ಮೀಟರ್‌ಗೆ ದಿನಕ್ಕೆ 33 ಟನ್ ಬರತ್ತೆ ಅಂದ್ರೆ 90 ಚದರ ಮೀಟರ್ ಬೇಕು. ಪ್ಯಾಲೆಟ್ ಅಗಲ 3 ಮೀಟರ್ ಅಂದ್ರೆ ಸುಡೋ ಭಾಗದ ಉದ್ದ 30 ಮೀಟರ್. ಬೆಡ್ 600 ಎಂಎಂ, ಬೆಂಕಿ ಇಳಿಯೋದು ನಿಮಿಷಕ್ಕೆ 20 ಎಂಎಂ, ಹಾಗಾದ್ರೆ 30 ನಿಮಿಷ, ಸ್ಟ್ರಾಂಡ್ ಸ್ಪೀಡ್ ನಿಮಿಷಕ್ಕೆ 1 ಮೀಟರ್. ಈಗ ತಿರುಗಿಸಿ ಚೆಕ್ ಮಾಡಿ: 3 ಇಂಟು 0.6 ಇಂಟು 1, ನಿಮಿಷಕ್ಕೆ 1.8 ಘನ ಮೀಟರ್ ಮಿಕ್ಸ್, ಘನ ಮೀಟರ್‌ಗೆ 1.8 ಟನ್ ತೂಕ ಅಂದ್ರೆ ಗಂಟೆಗೆ ಸುಮಾರು 194 ಟನ್. ನೀರು ಹೋಯ್ತು, ಕೋಕ್ ಸುಟ್ಟೋಯ್ತು, ಸುಣ್ಣದಕಲ್ಲಿನ ಗ್ಯಾಸ್ ಹೋಯ್ತು, ಉಳಿಯೋ ಕೇಕ್ ಹತ್ತಿರ ಹತ್ತಿರ 160 ಟನ್. ಅದ್ರಲ್ಲಿ ಜರಡಿ ಹಿಡಿದ್ಮೇಲೆ ಫರ್ನೇಸ್‌ಗೆ ಹೋಗೋದು 125, ಮಿಕ್ಕಿದ್ದು ರಿಟರ್ನ್ ಫೈನ್ಸ್ ಆಗಿ ವಾಪಸ್. 125ನ್ನ 24ರಿಂದ ಗುಣಿಸಿ, 3,000 ಬಂತು. ಲೆಕ್ಕ ಕೂತ್ಕೊಳ್ತು.

ಇಲ್ಲೊಂದು ಗುಂಡಿ ಇದೆ, ನಾನೂ ಬಿದ್ದಿದೀನಿ. ಕೂಲಿಂಗ್ ಲೆಕ್ಕ 125 ಟನ್‌ಗೆ ಹಾಕಿ ಖುಷಿಯಾಗಿ ಎದ್ದು ಹೋಗ್ತೀವಿ. ಆದ್ರೆ ತಂಪು ಮಾಡ್ಬೇಕಿರೋದು 160 ಟನ್ ಕೇಕ್, ವಾಪಸ್ ಹೋಗೋ ಪುಡಿನೂ ಸೇರಿ, ಅದೇನು ಬಿಸಿ ಇಲ್ದೆ ಬರತ್ತಾ? ಸಿಂಟರ್‌ನ ಶಾಖ ಹಿಡಿಯೋ ಗುಣ ಕೆಜಿಗೆ ಡಿಗ್ರಿಗೆ ಸುಮಾರು 0.9 ಕಿಲೋಜೂಲ್, 600ರಿಂದ 100ಕ್ಕೆ ಇಳಿಸಿದ್ರೆ ಟನ್‌ಗೆ 450 ಮೆಗಾಜೂಲ್. ಕರೆಂಟ್ ಬಿಲ್ ಭಾಷೇಲಿ 125 ಯೂನಿಟ್. ಗಂಟೆಗೆ 160 ಟನ್ ಅಂದ್ರೆ 20 ಮೆಗಾವ್ಯಾಟ್ ಶಾಖ, ಇಷ್ಟನ್ನ ಗಾಳಿ ಹೊತ್ಕೊಂಡು ಹೋಗ್ಬೇಕು. ಗಾಳಿ 30 ಡಿಗ್ರಿಲಿ ಒಳಗೆ ಹೋಗಿ ಸರಾಸರಿ 250ರಲ್ಲಿ ಹೊರಗೆ ಬಂದ್ರೆ ಒಂದು ಟನ್ ಕೇಕ್‌ಗೆ ಎರಡು ಟನ್ ಗಾಳಿ ಬೇಕು. ಒಟ್ಟು ಗಂಟೆಗೆ 320 ಟನ್ ಮೇಲೆ, ತಣ್ಣಗಿರೋವಾಗ ನಿಮಿಷಕ್ಕೆ 4,500 ಘನ ಮೀಟರ್ ಆಸುಪಾಸು.

ಈಗ ಬಿಲ್ ಎಲ್ಲಿಂದ ಬರತ್ತೆ ನೋಡಿ. ಪ್ರತ್ಯೇಕ ಕೂಲರಲ್ಲಿ ಫ್ಯಾನ್ ಊದೋದು ತಣ್ಣನೆ ಗಾಳಿ, ಒಡೆದ ತುಂಡುಗಳ ಮಧ್ಯೆ ಸಲೀಸಾಗಿ ಹೋಗತ್ತೆ, ಒತ್ತಡ 4 ಕಿಲೋಪಾಸ್ಕಲ್ ಸಾಕು ಅಂತಿಟ್ಕೊಂಡ್ರೆ ಫ್ಯಾನ್‌ಗೆ 380 ಕಿಲೋವ್ಯಾಟ್ ಬೇಕಾಗತ್ತೆ, ಎಫಿಶಿಯನ್ಸಿ 80 ಪರ್ಸೆಂಟ್ ಹಿಡಿದು. ಸ್ಟ್ರಾಂಡ್ ಮೇಲೆ ಫ್ಯಾನ್ ಎಳೆಯೋದು ಬಿಸಿ ಗಾಳಿ, 250 ಡಿಗ್ರಿಲಿ ಅದೇ ಗಾಳಿ ಉಬ್ಬಿ ನಿಮಿಷಕ್ಕೆ 7,800 ಘನ ಮೀಟರ್ ಆಗಿರತ್ತೆ, ಗಟ್ಟಿ ಕೇಕ್ ಜೊತೆಗೆ ಗ್ರೇಟ್ ಬಾರ್, ಡಕ್ಟ್, ಧೂಳು ಹಿಡಿಯೋ ಸಾಮಾನು ಎಲ್ಲ ದಾಟಿ ಬರ್ಬೇಕು, 8 ಕಿಲೋಪಾಸ್ಕಲ್ ಅಂತ ಹಿಡೀರಿ, 1,300 ಕಿಲೋವ್ಯಾಟ್. ಅದೇ ತೂಕದ ಗಾಳಿಗೆ ಮೂರೂವರೆ ಪಟ್ಟು ಕರೆಂಟ್! ಇದು ಲೀಕೇಜ್ ಸೇರಿಸದೇ ಹೇಳಿದ್ದು. ಈ ಸಂಖ್ಯೆಗಳನ್ನ ನೇರ ಆರ್ಡರ್‌ಗೆ ಬಳಸ್ಬೇಡಿ, ಯಾವ ದಿಕ್ಕಲ್ಲಿ ಎಷ್ಟು ವಾಲತ್ತೆ ಅಂತ ತಿಳ್ಕೊಳೋಕೆ ಅಷ್ಟೇ. ಕೂಲಿಂಗ್ ಏರಿಯಾ ಕೂಡ ಸುಡೋ ಏರಿಯಾದಷ್ಟೇ ಹತ್ತಿರ ಹತ್ತಿರ ಬೇಕಾಗತ್ತೆ, ಅಂದ್ರೆ ನಮ್ಮ ಉದಾಹರಣೆಲಿ ಇನ್ನೊಂದು 30 ಮೀಟರ್. ಒಟ್ಟು 60 ಮೀಟರ್ ಸ್ಟ್ರಾಂಡ್, ಅಷ್ಟಕ್ಕೂ ಪ್ಯಾಲೆಟ್, ಅಷ್ಟಕ್ಕೂ ಗ್ರೇಟ್ ಬಾರ್, ಅಷ್ಟಕ್ಕೂ ಬದಿ ಸೀಲು. ಕೂಲರ್ ಉಳಿಸಿದ ದುಡ್ಡು ಎಲ್ಲಿಗೆ ಹೋಯ್ತು ಅಂತ ಗೊತ್ತಾಯ್ತಲ್ಲ.

ಹಾಗಾದ್ರೆ ಯಾಕೆ ಮಾಡ್ತಾರೆ ಅಂತ ಕೇಳ್ಬಹುದು. ಸಣ್ಣ ಮತ್ತೆ ಮಧ್ಯಮ ಸೈಜಲ್ಲಿ ಇದು ನಿಜವಾಗ್ಲೂ ಸರಳ ಪ್ಲಾಂಟು. ಸುತ್ತೋ ಮೆಷಿನ್ ಎರಡರ ಬದಲು ಒಂದು. ಕಟ್ಟಡ ಉದ್ದ ಆದ್ರೂ ನೇರ. ಕೇಕ್ ಬೀಳೋ ಜಾಗದಲ್ಲಿ ಬಿಸಿ ಧೂಳಿನ ಕಾಟ ತುಂಬಾ ಕಡಿಮೆ. ಕೂಲರಿಂದ ಆಕಾಶಕ್ಕೆ ಬಿಡೋ ಧೂಳು ಗಾಳಿ ಅನ್ನೋದೇ ಇಲ್ಲ, ಎಲ್ಲ ಕೆಳಗಿನ ಡಕ್ಟಿಗೇ ಹೋಗತ್ತೆ, ಹಿಡಿಯೋದು ಸುಲಭ. ನನ್ನ ಮಟ್ಟಿಗೆ ಈ ಕೊನೇ ಕಾರಣವೇ ದೊಡ್ಡದು. ಸ್ಟ್ರಾಂಡ್ ದೊಡ್ಡದಾಗ್ತಾ ಹೋದಂಗೆ ಮಾತ್ರ ಉದ್ದದ ಕಾಟ, ಫ್ಯಾನಿನ ಕಾಟ ಎರಡೂ ಬೆಳೆದು ಪ್ರತ್ಯೇಕ ಕೂಲರೇ ಗೆಲ್ಲತ್ತೆ.

ಈಗ ಡಿಸೈನಿನ ಹೃದಯಕ್ಕೆ ಬರ್ತೀನಿ, ಎರಡು ಭಾಗದ ಮಧ್ಯದ ಗಡಿ. ಸುಡೋ ಭಾಗದ ಗ್ಯಾಸಲ್ಲಿ ಗಂಧಕದ ಗ್ಯಾಸಿದೆ, ಕಾರ್ಬನ್ ಮೊನಾಕ್ಸೈಡ್ ಇದೆ, ನೀರಾವಿ ಇದೆ, ಕ್ಷಾರದ ಕ್ಲೋರೈಡ್ ಇದೆ, ಸಣ್ಣ ಧೂಳಿದೆ, ಅದನ್ನ ತೊಳೆಯೋ ಖರ್ಚೇ ಬೇರೆ. ಕೂಲಿಂಗ್ ಭಾಗದ ಗಾಳಿ ಅಂದ್ರೆ ಬರೀ ಬಿಸಿ ಗಾಳಿ ಮತ್ತೆ ಸ್ವಲ್ಪ ಒರಟು ಧೂಳು. ಇವೆರಡನ್ನ ಬೇರೆ ಬೇರೆ ಡಕ್ಟಲ್ಲಿ ಬೇರೆ ಬೇರೆ ಫ್ಯಾನಿಗೆ ಒಯ್ಯಲೇಬೇಕು. ಗಡಿ ಎಲ್ಲಿ? ಡ್ರಾಯಿಂಗಲ್ಲಿ 30ನೇ ಮೀಟರಲ್ಲಿ ಗೆರೆ ಎಳೆದು ಡೆಡ್ ಪ್ಲೇಟ್ ಹಾಕ್ತೀವಿ, ಅಂದ್ರೆ ಎರಡು ಕಡೆ ಗಾಳಿ ಪ್ಯಾಲೆಟ್ ಅಡಿಯಿಂದ ಬೆರೀಬಾರ್ದು ಅಂತ ಗ್ಯಾಪ್ ಮುಚ್ಚೋ ಪ್ಲೇಟು. ಆದ್ರೆ ಬೆಂಕಿಗೆ ನಿಮ್ಮ ಡ್ರಾಯಿಂಗ್ ಗೊತ್ತಿಲ್ವಲ್ಲ. ಮಿಕ್ಸ್ ಚೆನ್ನಾಗಿದ್ರೆ 27ರಲ್ಲಿ ಮುಗಿಸತ್ತೆ, ಅದಿರು ಬದಲಾದ್ರೆ 33ಕ್ಕೆ ಜಾರತ್ತೆ.

ಅದಕ್ಕೆ ಗಡಿಯ ಅಕ್ಕಪಕ್ಕದ ಒಂದೆರಡು ವಿಂಡ್ ಬಾಕ್ಸ್, ಅಂದ್ರೆ ಪ್ಯಾಲೆಟ್ ಅಡಿಯಿಂದ ಗಾಳಿ ಎಳ್ಕೊಳ್ಳೋ ಡಬ್ಬ, ಅವಕ್ಕೆ ಎರಡೂ ಡಕ್ಟಿಗೆ ಕನೆಕ್ಷನ್ ಕೊಟ್ಟು, ಗಾಳಿ ದಾರಿ ತೆರೆದು ಮುಚ್ಚೋ ಡ್ಯಾಂಪರ್ ಹಾಕಿ ಅಂತ ನಾನು ಯಾವಾಗ್ಲೂ ಜಗಳ ಆಡ್ತೀನಿ, ಬೇಕಾದಾಗ ಈ ಕಡೆ ಬೇಕಾದಾಗ ಆ ಕಡೆ. ಖರ್ಚು ಉಳಿಸೋರು ಮೊದಲು ಹೊಡೆದು ಹಾಕೋದು ಇದನ್ನೇ. ಇನ್ನೊಂದು, ಎರಡು ಡಕ್ಟಿನ ಸಕ್ಷನ್ ಗಡಿ ಹತ್ರ ಆದಷ್ಟು ಸಮ ಇರ್ಲಿ. ಒಂದು ಕಡೆ 14 ಕಿಲೋಪಾಸ್ಕಲ್, ಪಕ್ಕದಲ್ಲೇ 6 ಅಂದ್ರೆ ಎಂಥ ಡೆಡ್ ಪ್ಲೇಟ್ ಹಾಕಿದ್ರೂ ಅಡ್ಡ ಗಾಳಿ ನುಗ್ಗತ್ತೆ, ಅದರ ಜೊತೆ ಧೂಳು, ಧೂಳಿನ ಜೊತೆ ಸವೆತ, ಆರು ತಿಂಗಳಿಗೆ ಆ ಪ್ಲೇಟ್ ಇರೋದೂ ಒಂದೇ ಇಲ್ದಿರೋದೂ ಒಂದೇ.

ಆಪರೇಷನ್ ಕಡೆ ಬಂದ್ರೆ, ಬಿಟಿಪಿ ಕೂಲಿಂಗ್ ಭಾಗಕ್ಕೆ ಜಾರಿದ್ರೆ ಏನಾಗತ್ತೆ ಅಂತ ಸ್ವಲ್ಪ ನಿಧಾನವಾಗಿ ಯೋಚ್ನೆ ಮಾಡೋಣ, ಇಲ್ಲೇ ಎಲ್ಲರೂ ಎಡವೋದು. ಕೂಲಿಂಗ್ ಫ್ಯಾನಿಗೆ ಬರೋ ಗಾಳಿ 250 ಇದ್ದಿದ್ದು 400 ಆಯ್ತು ಅಂತಿಟ್ಕೊಳ್ಳಿ. ಫ್ಯಾನ್ ಎಳೆಯೋದು ಗಾತ್ರವನ್ನ, ತೂಕವನ್ನ ಅಲ್ಲ. 400 ಡಿಗ್ರಿ ಗಾಳಿ ತೆಳ್ಳಗಿರತ್ತೆ, ಅದೇ ಗಾತ್ರದಲ್ಲಿ ತೂಕ 22 ಪರ್ಸೆಂಟ್ ಕಮ್ಮಿ. ಅಂದ್ರೆ ಜಾಸ್ತಿ ಗಾಳಿ ಬೇಕಾದ ಹೊತ್ತಲ್ಲೇ ಕಡಿಮೆ ಗಾಳಿ ಬರ್ತಿದೆ. ತಂಪಾಗೋದು ಇನ್ನೂ ಕಮ್ಮಿ, ಗಾಳಿ ಇನ್ನೂ ಬಿಸಿ. ಅಷ್ಟರಲ್ಲಿ ಫ್ಯಾನ್ ಉಳಿಸೋಕೆ ಅಂತ ಆಟೋಮ್ಯಾಟಿಕ್ ಡ್ಯಾಂಪರ್ ತೆರೆದು ಹೊರಗಿನ ತಣ್ಣನೆ ಗಾಳಿ ಬೆರೆಸತ್ತೆ, ಫ್ಯಾನ್ ಬಚಾವ್, ಆದ್ರೆ ಆ ಗಾಳಿ ಬಂದಷ್ಟೂ ಬೆಡ್ಡಿಂದ ಎಳೆಯೋದು ಕಡಿಮೆ. ಸುಳಿ ಥರ, ಒಳಗೆ ಹೋದಂಗೆಲ್ಲ ಎಳೆಯತ್ತೆ. ಊದೋ ಕೂಲರಲ್ಲಿ ಈ ರೋಗ ಇಲ್ಲ, ಅಲ್ಲಿ ಫ್ಯಾನಿಗೆ ಬರೋದು ಯಾವಾಗ್ಲೂ ತಣ್ಣನೆ ಗಾಳಿ, ಕೂಲರೊಳಗೆ ಏನೇ ಆಗ್ಲಿ ತೂಕ ಹೆಚ್ಚು ಕಮ್ಮಿ ಅಷ್ಟೇ ಹೋಗತ್ತೆ.

ನನಗೆ ಇದು ಪುಸ್ತಕದಿಂದ ಬಂದ ಬುದ್ಧಿ ಅಲ್ಲ. ಒಂದು ಪ್ಲಾಂಟಲ್ಲಿ ಕಮಿಷನಿಂಗ್ ಆಗಿ ಕೆಲವು ತಿಂಗಳಾಗಿತ್ತು, ನಾನು ನೈಟ್ ಶಿಫ್ಟಲ್ಲಿದ್ದೆ. ಪ್ರೊಡಕ್ಷನ್ ಹಿಂದೆ ಬಿದ್ದಿತ್ತು, ಬೆಳಗ್ಗೆ ಲೆಕ್ಕ ಕೊಡ್ಬೇಕು. ಸ್ಟ್ರಾಂಡ್ ಸ್ಪೀಡ್ ಸ್ವಲ್ಪ ಸ್ವಲ್ಪ ಏರಿಸ್ತಾ ಹೋದೆ. ಬಿಟಿಪಿ ಗಡಿ ದಾಟ್ತು, ಆದ್ರೆ ನೋಡಿ, ಏನೂ ಆಗ್ಲಿಲ್ಲ! ಕೂಲಿಂಗ್ ಭಾಗದಲ್ಲೂ ಗಾಳಿ ಎಳೀತಿದೆಯಲ್ಲ, ಬೆಂಕಿ ಅಲ್ಲೇ ಹೋಗಿ ಮುಗಿಸ್ತು. ಕೇಕ್ ಕಪ್ಪಗೇ ಬೀಳ್ತಿತ್ತು. ಪುಕ್ಕಟೆ ಏರಿಯಾ ಸಿಕ್ತು ಅನ್ಕೊಂಡು ಇನ್ನೊಂದು ಸಲ ಏರಿಸಿದೆ. ಆಮೇಲೆ ಒಂದು ಮುಕ್ಕಾಲು ಗಂಟೆಗೆ ಬೆಲ್ಟ್ ಕಡೆಯಿಂದ ಫೋನು, ರಬ್ಬರ್ ವಾಸನೆ ಬರ್ತಿದೆ ಅಂತ. ಹೋಗಿ ನೋಡಿದ್ರೆ ಬೆಲ್ಟಿನ ಮೇಲ್ಕವಚ ಉದ್ದಕ್ಕೂ ಗುಳ್ಳೆ ಎದ್ದಿದೆ. ಮೇಲಿಂದ ಕಪ್ಪಗೆ ಕಂಡ ಕೇಕಿನ ತಳದ ತುಂಡುಗಳು ಒಳಗೊಳಗೇ ಕುದೀತಿದ್ವು. ಆ ರಾತ್ರಿ ಏರಿಸಿದ ಟನ್ನೆಲ್ಲ ಬೆಲ್ಟ್ ಜಾಯಿಂಟ್ ಮಾಡೋ ಅಷ್ಟರಲ್ಲಿ ಹೋಯ್ತು, ಅದರ ಮೇಲೆ ಇನ್ನೂ ಹೋಯ್ತು.

ಇಲ್ಲಿ ಒಂದು ಮಾತು ಹೇಳ್ಬೇಕು. ಸಾಮಾನ್ಯ ಪ್ಲಾಂಟಿನ ಹಳೇ ಆಪರೇಟರ್‌ಗಳನ್ನ ನೋಡಿದೀರಾ? ಅವ್ರು ಸ್ಕ್ರೀನ್ ನೋಡೋದಕ್ಕಿಂತ ಜಾಸ್ತಿ ಕೇಕ್ ಬೀಳೋ ಕಿಂಡಿ ನೋಡ್ತಾರೆ. ಕೇಕ್ ಮುರಿದು ಬೀಳೋವಾಗ ಅದರ ಅಡ್ಡ ಮುಖ ಕಾಣತ್ತಲ್ಲ, ತಳದಲ್ಲಿ ಕೆಂಪು ಪಟ್ಟಿ. ಪಟ್ಟಿ ಬೆಡ್ಡಿನ ಮೂರನೇ ಒಂದು ಭಾಗದಷ್ಟಿದ್ದು ಈ ಬದಿಯಿಂದ ಆ ಬದಿಗೆ ಸಮ ಇದ್ರೆ ಎಲ್ಲ ಸರಿ. ಒಂದು ಬದಿ ದಪ್ಪ ಆದ್ರೆ ಫೀಡ್ ಸಮ ಬೀಳ್ತಿಲ್ಲ. ತುಂಬಾ ಬೆಳ್ಳಗೆ ಹೊಳೆದ್ರೆ ಕೋಕ್ ಜಾಸ್ತಿ. ಪಟ್ಟಿ ಕೆಳಗೆ ಸುಡದ ಕಪ್ಪು ಮಿಕ್ಸ್ ಕಂಡ್ರೆ ಓಡಿ ಹೋಗಿ ಸ್ಪೀಡ್ ಇಳಿಸ್ತಾರೆ. ಆನ್ ಸ್ಟ್ರಾಂಡ್ ಪ್ಲಾಂಟ್ ಆ ಕಣ್ಣನ್ನೇ ಕಿತ್ಕೊಳ್ಳತ್ತೆ. ಕೇಕ್ ಬೀಳೋವಾಗ ಎಲ್ಲ ಕಪ್ಪು, ಚೆನ್ನಾಗಿ ಸುಟ್ಟಿದ್ದೂ ಕಪ್ಪು, ಕೆಟ್ಟದೂ ಕಪ್ಪು. ಕೂಲರ್ ಉಳೀತು ಅಂತ ಲೆಕ್ಕ ತೋರಿಸೋರು ಈ ನಷ್ಟನ ಯಾವ ಕಾಲಂನಲ್ಲೂ ಬರೆದಿದ್ದು ನಾನು ನೋಡಿಲ್ಲ. ನನ್ನ ಪ್ರಕಾರ ಈ ಥರ ಪ್ಲಾಂಟಲ್ಲಿ ಇನ್ಸ್ಟ್ರುಮೆಂಟ್ ಖರ್ಚು ಅನ್ನೋದು ಹೆಚ್ಚುವರಿ ಅಲ್ಲ, ಕಳ್ಕೊಂಡ ಕಣ್ಣಿನ ಬದಲಿಗೆ ಕೊಡೋ ದುಡ್ಡು.

ಏನು ಹಾಕ್ಬೇಕು ಅಂದ್ರೆ, ಗಡಿಗಿಂತ ಮುಂಚಿನ ಐದಾರು ವಿಂಡ್ ಬಾಕ್ಸ್ ಮತ್ತೆ ಗಡಿ ದಾಟಿದ ಎರಡು, ಎಲ್ಲದಕ್ಕೂ ಥರ್ಮೋಕಪಲ್, ಅದೂ ಅಗಲದಲ್ಲಿ ಒಂದಲ್ಲ, ಎಡ, ಮಧ್ಯ, ಬಲ ಮೂರು. ಗ್ಯಾಸ್ ಟೆಂಪರೇಚರ್ ಏರ್ತಾ ಏರ್ತಾ ಬಿಟಿಪಿಲಿ ತುದಿ ಮುಟ್ಟಿ ಇಳಿಯತ್ತೆ. ತುದಿ ಯಾವಾಗ್ಲೂ ಥರ್ಮೋಕಪಲ್ ಇರೋ ಜಾಗದಲ್ಲೇ ಬರಲ್ವಲ್ಲ, ಅದಕ್ಕೆ ಮೂರು ರೀಡಿಂಗ್ ಮೇಲೆ ಒಂದು ಪ್ಯಾರಾಬೋಲಾ ಎಳೀತೀವಿ. ಮೂರು ಪಕ್ಕ ಪಕ್ಕದ ಬಾಕ್ಸಲ್ಲಿ 310, 390, 350 ಬಂತು ಅಂತಿಟ್ಕೊಳ್ಳಿ. ಕಣ್ಣಲ್ಲಿ ನೋಡಿದ್ರೆ ಮಧ್ಯದ ಬಾಕ್ಸಲ್ಲೇ ತುದಿ ಅನ್ಸತ್ತೆ, ಲೆಕ್ಕ ಹಾಕಿದ್ರೆ ಮಧ್ಯದಿಂದ ಬಾಕ್ಸಿನ ಆರನೇ ಒಂದು ಭಾಗ ಮುಂದೆ. ಬಾಕ್ಸ್ 3 ಮೀಟರ್ ಆದ್ರೆ ಅರ್ಧ ಮೀಟರ್. ಅರ್ಧ ಮೀಟರ್ ಏನ್ ಮಹಾ ಅನ್ಬೇಡಿ, ಇದು ಪ್ರತಿ ಗಂಟೆ ಯಾವ ಕಡೆ ಸರೀತಿದೆ ಅನ್ನೋದೇ ಸುದ್ದಿ. ಎಡದ ಬಿಟಿಪಿನೂ ಬಲದ ಬಿಟಿಪಿನೂ ಬೇರೆ ಬೇರೆ ಹೇಳಿದ್ರೆ ಅದೇ ನಿಮ್ಮ ಕೆಂಪು ಪಟ್ಟಿಯ ಓರೆ. ಕೇಕ್ ಬೀಳೋ ಜಾಗಕ್ಕೆ ಒಂದು ಇನ್ಫ್ರಾರೆಡ್ ಕ್ಯಾಮರಾನೂ ಹಾಕಿ, ನಮ್ಮ ಕಣ್ಣಿಗೆ ಕಪ್ಪಗಿರೋ 300 ಡಿಗ್ರಿ ತುಂಡು ಅದಕ್ಕೆ ಕಾಣತ್ತೆ. ನಾನು ಬೆಲ್ಟ್ ಸುಟ್ಟ ರಾತ್ರಿ ಅಂಥದೊಂದು ಇದ್ದಿದ್ರೆ ಅಂತ ಎಷ್ಟೋ ಸಲ ಅನ್ಸಿದೆ.

ಬಿಟಿಪಿ ಹೇಳೋ ಸುದ್ದಿ ಹಳೇದು ಅನ್ನೋದನ್ನೂ ಮರೀಬೇಡಿ. ಈಗ ಗಡಿ ಹತ್ರ ಇರೋ ಕೇಕ್ ಅರ್ಧ ಗಂಟೆ ಹಿಂದೆ ಹಾಸಿದ ಮಿಕ್ಸು. ನೀರು ಹೆಚ್ಚು ಕಮ್ಮಿ ಆಗಿದ್ರೆ ಅದು ಅರ್ಧ ಗಂಟೆ ಹಿಂದಿನ ತಪ್ಪು, ನೀವೀಗ ನೀರು ತಿದ್ದಿದ್ರೆ ಫಲ ಇನ್ನರ್ಧ ಗಂಟೆಗೆ. ಹೊಸಬರು ಹತ್ತು ನಿಮಿಷ ಕಾದು, ಏನೂ ಆಗ್ಲಿಲ್ಲ ಅಂತ ಇನ್ನೊಂದು ಸಲ ತಿದ್ದಿ, ಆಮೇಲೆ ಎರಡೂ ಒಟ್ಟಿಗೆ ಬಂದು ಹೊಡೆದಾಗ ಉಲ್ಟಾ ತಿದ್ದಿ, ಇಡೀ ಶಿಫ್ಟ್ ಉಯ್ಯಾಲೆ ಆಡ್ತಾರೆ. ತಕ್ಷಣಕ್ಕೆ ಸ್ಪೀಡ್ ಮಾತ್ರ ಮುಟ್ಟಿ, ಅದೂ ಸ್ವಲ್ಪ. ಮೂಲ ಕಾರಣಕ್ಕೆ ಬಿಟಿಪಿಗಿಂತ ಮುಂಚಿನ ವಿಂಡ್ ಬಾಕ್ಸ್‌ಗಳನ್ನ ನೋಡಿ. ನೀರಾವಿ ಪೂರ್ತಿ ಹೋಗಿ ಗ್ಯಾಸ್ ಟೆಂಪರೇಚರ್ ಏರೋಕೆ ಶುರುವಾಗೋ ಜಾಗ ಬಿಟಿಪಿಗಿಂತ ಎಷ್ಟೋ ಮೀಟರ್ ಮುಂಚೆ ಬರತ್ತೆ, ಅದು ಸರಿದ್ರೆ ಬಿಟಿಪಿ ಸರಿಯತ್ತೆ ಅಂತ ಮೊದಲೇ ಗೊತ್ತಾಗತ್ತೆ.

ಸರಿಯೋಕೆ ಕಾರಣ ಬಹುತೇಕ ಸಲ ಗಾಳಿ ದಾರಿ. ಮಿಕ್ಸ್ ಕಾಳು ಕಟ್ಟಿಲ್ಲ, ನೀರು ತಪ್ಪಿದೆ, ಕೋಕ್ ಬ್ರೀಜ್ ತುಂಬಾ ನುಣ್ಣಗಿದೆ, ರಿಟರ್ನ್ ಫೈನ್ಸ್ ಏರಿದೆ. ಸುಟ್ಟ ಸುಣ್ಣ ಸ್ವಲ್ಪ ಹಾಕಿದ್ರೆ ಕಾಳು ಗಟ್ಟಿಯಾಗತ್ತೆ, ಮಿಕ್ಸೂ ಬೆಚ್ಚಗಾಗತ್ತೆ. ಬೆಚ್ಚಗಾಗೋದು ಯಾಕೆ ಮುಖ್ಯ ಅಂದ್ರೆ ಮೇಲಿಂದ ಎದ್ದ ಆವಿ ಕೆಳಗಿನ ತಣ್ಣನೆ ಮಿಕ್ಸಲ್ಲಿ ಮತ್ತೆ ನೀರಾಗಿ ಕೆಸರು ಮಾಡತ್ತೆ, ಮಿಕ್ಸೇ 60 ಡಿಗ್ರಿ ಹತ್ರ ಇದ್ರೆ ಆ ಕೆಸರು ಕಟ್ಟಲ್ಲ. ಇದ್ರ ಬಗ್ಗೆನೇ ಒಂದು ದಿನ ಮಾತಾಡ್ಬಹುದು, ಬಿಡಿ.

ಲೀಕೇಜ್ ಬಗ್ಗೆ ಮಾತ್ರ ಬಿಡಲ್ಲ. ಉದ್ದ ಸ್ಟ್ರಾಂಡ್ ಅಂದ್ರೆ ಉದ್ದ ಸೀಲು, ಪ್ಯಾಲೆಟ್ ಬದಿಗೆ ಸ್ಪ್ರಿಂಗ್ ಹಾಕಿರೋ ಸೀಲ್ ಬಾರು, ಅದಕ್ಕೆ ಗ್ರೀಸು, ಗ್ರೀಸ್ ಲೈನ್ ಕಟ್ಟಿಕೊಂಡ್ರೆ ಯಾರೂ ನೋಡಲ್ಲ. ಹಳೇ ಮೆಷಿನ್‌ಗಳಲ್ಲಿ ಫ್ಯಾನ್ ಎಳೆಯೋ ಗಾಳಿಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಬೆಡ್ ಮುಟ್ಟದೇ ಸಂದಿಯಿಂದ ಬರೋದು ಮಾಮೂಲು. ಆನ್ ಸ್ಟ್ರಾಂಡಲ್ಲಿ ಇನ್ನೊಂದು ವಿಶೇಷ ಸಂದಿ ಇದೆ. ಸುಟ್ಟ ಕೇಕ್ ತಂಪಾಗ್ತಾ ಕುಗ್ಗತ್ತೆ, ಪ್ಯಾಲೆಟಿನ ಪಕ್ಕದ ಗೋಡೆಯಿಂದ ಬಿಡಿಸ್ಕೊಳ್ಳತ್ತೆ. ಬೆರಳು ಹೋಗೋ ಅಷ್ಟು ಗ್ಯಾಪ್ ಸಾಕು, ಗಾಳಿಗೆ ಅದೇ ಹೈವೇ. ನಡುವೆ ಇರೋ ಕೇಕ್ ಬಿಸಿ, ಬದಿಗಳು ಫ್ರೀಜ್. ಸರಾಸರಿ ಟೆಂಪರೇಚರ್ ನೋಡಿದ್ರೆ ಎಲ್ಲ ಚೆನ್ನಾಗೇ ಕಾಣತ್ತೆ, ಅದಕ್ಕೇ ಮೂರು ಥರ್ಮೋಕಪಲ್ ಹಾಕಿ ಅಂದಿದ್ದು. ಫೀಡ್ ಹಾಸೋವಾಗ ಗೋಡೆ ಪಕ್ಕ ಸ್ವಲ್ಪ ಒತ್ತಿ ಹಾಸೋದು, ಗೋಡೆ ಬುಡದಲ್ಲಿ ಗ್ರೇಟ್ ಬಾರ್ ಬದಲು ಒಂದು ಪಟ್ಟಿ ಸಂದಿಲ್ಲದ ಕುರುಡು ಪ್ಲೇಟ್ ಇಡೋದು, ಇವೆಲ್ಲ ಸಹಾಯ ಮಾಡತ್ತೆ, ಪೂರ್ತಿ ವಾಸಿ ಮಾಡಲ್ಲ.

ಗ್ರೇಟ್ ಬಾರ್ ವಿಷ್ಯ. ಸಾಮಾನ್ಯ ಪ್ಲಾಂಟಲ್ಲಿ ಬೆಂಕಿ ತಳ ಮುಟ್ಟಿದ ಸ್ವಲ್ಪ ಹೊತ್ತಿಗೇ ಕೇಕ್ ಬಿದ್ದೋಗತ್ತೆ, ಬಾರು ಖಾಲಿ ಪ್ಯಾಲೆಟ್ಟಲ್ಲಿ ವಾಪಸ್ ಬರ್ತಾ ತಣ್ಣಗಾಗತ್ತೆ. ಇಲ್ಲಿ ಮೇಲಿನ ಶಾಖವೆಲ್ಲ ತೊಳ್ಕೊಂಡು ಬರೋ ಗಾಳಿ ಬಾರಿನ ಮೇಲಿಂದಲೇ ಹೋಗ್ಬೇಕು. ಹಾಗಾಗಿ ತಳದಲ್ಲಿ ಹಾಸೋ ಹಾರ್ತ್ ಲೇಯರ್, ಅಂದ್ರೆ 10ರಿಂದ 20 ಎಂಎಂ ಸೈಜಿನ ಸಿಂಟರ್ ತುಂಡು, ಅದರಲ್ಲಿ ಕಂಜೂಸ್ತನ ಮಾಡ್ಬೇಡಿ, 40 ಎಂಎಂ ಅಂದ್ರೆ 40 ಇರ್ಲಿ. ಬಾರು ಹೈ ಕ್ರೋಮ್ ಎರಕದ್ದು, ಅದರ ಮತ್ತೆ ಪ್ಯಾಲೆಟ್ ಬಾಡಿ ಮಧ್ಯ ಶಾಖ ತಡೆಯೋ ತುಂಡು ಇರ್ಲೇಬೇಕು, ಇಲ್ದಿದ್ರೆ ಪ್ಯಾಲೆಟ್ ಬಾಡಿ ನಡುವಲ್ಲಿ ಜೋತು ಬೀಳತ್ತೆ, ಜೋತು ಬಿದ್ರೆ ಸೀಲ್ ಕೂರಲ್ಲ, ಮತ್ತೆ ಲೀಕೇಜ್ ಕಥೆಗೇ ಬಂದ್ವಿ. 60 ಮೀಟರ್ ಸ್ಟ್ರಾಂಡ್ ಬಿಸಿಗೆ ಉದ್ದ ಆಗತ್ತೆ ಅನ್ನೋದೂ ನೆನಪಿರ್ಲಿ, ಬೀಳೋ ತುದಿನ ಕೌಂಟರ್‌ವೇಯ್ಟ್ ಹಾಕಿ ಹಿಂದೆ ಮುಂದೆ ಸರಿಯೋ ಹಾಗೆ ಬಿಡೋದು ಅದಕ್ಕೇ.

ಕ್ವಾಲಿಟಿ ಬಗ್ಗೆ ಯಾರೋ ಆಗಲೇ ಕೈ ಎತ್ತಿದ್ರು. ತುಂಬಾ ಬೇಗ ತಂಪು ಮಾಡಿದ್ರೆ ಕರಗಿದ ಭಾಗ ಹರಳಾಗೋಕೆ ಟೈಮ್ ಸಿಗದೇ ಗಾಜಿನ ಥರ ಗಟ್ಟಿಯಾಗತ್ತೆ, ಗಾಜಿನಷ್ಟೇ ಸುಲಭವಾಗಿ ಬಿರುಕು ಬಿಡತ್ತೆ. ಹಾಗಾಗಿ ಕೂಲಿಂಗಿನ ಮೊದಲ ಬಾಕ್ಸ್‌ಗಳಲ್ಲಿ ಸಕ್ಷನ್ ಪೂರ್ತಿ ಎಳೀಬೇಡಿ, ಕೊನೇ ಕಡೆಯವಕ್ಕೆ ಜಾಸ್ತಿ ಕೊಡಿ. ಬೆಲ್ಟ್ ಉಳಿಸೋಕೆ ಬಿಸಿ ಸಿಂಟರ್ ಮೇಲೆ ನೀರು ಹೊಡೆಯೋ ಚಾಳಿ ಇದೆಯಲ್ಲ, ಅದು ಎಲ್ಲಕ್ಕಿಂತ ಕೆಟ್ಟದ್ದು, ಇವತ್ತು ಬೆಲ್ಟ್ ಉಳಿಯತ್ತೆ, ನಾಳೆ ಬ್ಲಾಸ್ಟ್ ಫರ್ನೇಸ್‌ನವ್ರು ಪುಡಿ ಪುಡಿ ಅಂತ ಫೋನ್ ಮಾಡ್ತಾರೆ. ನೀರಿನ ನಲ್ಲಿ ಇರ್ಲಿ, ಎಮರ್ಜೆನ್ಸಿಗೆ ಅಂತ, ಆದ್ರೆ ಅದು ಎಷ್ಟು ಸಲ ತೆರೀತು ಅಂತ ಲಾಗ್‌ನಲ್ಲಿ ಬರೀಲಿ.

ಆ 20 ಮೆಗಾವ್ಯಾಟ್ ಶಾಖ ಸುಮ್ನೆ ಚಿಮಣಿಗೆ ಬಿಡೋದಾ? ಕೂಲಿಂಗಿನ ಮೊದಲ ಅರ್ಧದ ಗಾಳಿ ಮಾತ್ರ ಬಿಸಿ, ಉಳಿದರ್ಧ ಉಗುರುಬೆಚ್ಚಗೆ, ಎರಡನ್ನೂ ಬೆರೆಸಿದ್ರೆ ಒಳ್ಳೇದು ಹಾಳಾಗತ್ತೆ, ಬೇರೆ ಬೇರೆ ತೆಗೀರಿ. ಬಿಸಿದನ್ನ ಇಗ್ನಿಷನ್ ಫರ್ನೇಸಿನ ಬರ್ನರ್ ಗಾಳಿಗೆ ಕೊಡ್ಬಹುದು, ಇಗ್ನಿಷನ್ ಆದ್ಮೇಲಿನ ಹುಡ್ ಒಳಗೆ ಬಿಟ್ರೆ ಆ ಬಡಪಾಯಿ ಮೇಲಿನ ಪದರಕ್ಕೆ ಸ್ವಲ್ಪ ಶಾಖ ಸಿಕ್ಕಿ ಗಟ್ಟಿಯಾಗತ್ತೆ, ಕೋಕ್ ಬ್ರೀಜೂ ಉಳಿಯತ್ತೆ. ಬಾಯ್ಲರ್ ಇಡ್ತೀನಿ ಅಂದ್ರೆ ಇಡಿ, ಆದ್ರೆ ಇಷ್ಟು ಸಣ್ಣ ಪ್ಲಾಂಟಿಗೆ ಮೊದಲು ಹುಡ್‌ಗೆ ಕೊಡಿ ಅಂತ ನನ್ನ ಅಭಿಪ್ರಾಯ, ಪೈಪು ಸಾಕು, ಹೊಸ ಮೆಷಿನ್ ಬೇಡ.

ಸ್ಟಾರ್ಟ್ ಸ್ಟಾಪ್ ಬಗ್ಗೆ ಹೇಳಿ ನಿಲ್ಲಿಸ್ತೀನಿ. ಖಾಲಿ ಸ್ಟ್ರಾಂಡಲ್ಲಿ ಎಲ್ಲ ಡ್ಯಾಂಪರ್ ತೆರೆದು ಫ್ಯಾನ್ ಹಾಕಿದ್ರೆ ಖಾಲಿ ಪ್ಯಾಲೆಟ್ ಮೂಲಕವೇ ಗಾಳಿ ಎಲ್ಲ ಹೋಗತ್ತೆ, ಮಿಕ್ಸ್ ಹಾಸಿದ ಕಡೆ ಸಕ್ಷನ್ ಸೊನ್ನೆ. ಬೆಡ್ ಮುಂದೆ ಬಂದಂಗೆ ಒಂದೊಂದೇ ಬಾಕ್ಸ್ ತೆರೀತಾ ಹೋಗಿ. ಕೂಲಿಂಗ್ ಭಾಗಕ್ಕೆ ಮೊದಲ ಕೇಕ್ ಬರೋಕೆ ಅರ್ಧ ಗಂಟೆ ಇದೆ, ಅಲ್ಲಿವರೆಗೆ ಅದರ ಡ್ಯಾಂಪರ್ ಮುಚ್ಚೇ ಇರ್ಲಿ. ಮಧ್ಯದಲ್ಲಿ ಸ್ಟ್ರಾಂಡ್ ನಿಂತ್ರೆ ಬೆಂಕಿ ನಿಲ್ಲಲ್ಲ, ಸುಡೋ ಭಾಗದಲ್ಲಿರೋ ಬೆಂಕಿ ಇಳೀತಾನೇ ಇರತ್ತೆ, ಗಾಳಿ ಎಳೆದಷ್ಟೂ ಬೇಗ ಬಂದು ಎಲ್ಲಾ ಕಡೆ ಗ್ರೇಟ್ ಬಾರ್ ಮೇಲೆ ಕೂರತ್ತೆ. ಅದಕ್ಕೆ ಅಲ್ಲಿ ಡ್ಯಾಂಪರ್ ತಕ್ಷಣ ಇಳಿಸಿ, ಕೂಲಿಂಗ್ ಫ್ಯಾನ್ ಮಾತ್ರ ಓಡ್ಲಿ. ಮತ್ತೆ ಸ್ಟಾರ್ಟ್ ಮಾಡೋವಾಗ ಇನ್ನೂ ಒಂದು ತಾಪತ್ರಯ: ನಿಂತಿದ್ದಾಗ ಕೂಲಿಂಗ್ ಭಾಗದ ಕೇಕ್ ತಣ್ಣಗಾಗಿರತ್ತೆ, ಅದರ ಹಿಂದೆ ಬರೋ ಕೇಕ್ ಎಂಥದು ಅಂತ ಬಿಟಿಪಿ ಹೇಳಲ್ಲ, ಒಂದು ರೌಂಡ್ ಪೂರ್ತಿ ಆಗೋವರೆಗೂ ಆ ರೀಡಿಂಗ್ ಸುಳ್ಳು. ಆ ಒಂದು ಗಂಟೆ ಸ್ಪೀಡ್ ಅರ್ಧ ಇಡಿ, ಒಬ್ಬ ಮನುಷ್ಯನ್ನ ಕೈಲಿ ಹಿಡಿಯೋ ಇನ್ಫ್ರಾರೆಡ್ ಗನ್ ಕೊಟ್ಟು ಬೆಲ್ಟ್ ತಲೆ ಹತ್ರ ನಿಲ್ಲಿಸಿ, 120 ದಾಟಿದ್ರೆ ಕಂಟ್ರೋಲ್ ರೂಮ್ ಕೇಳೋಕೆ ಮುಂಚೆ ಅವನೇ ಸ್ಟ್ರಾಂಡ್ ನಿಲ್ಲಿಸೋ ಹಾಗೆ ಅವನ ಪಕ್ಕದಲ್ಲೇ ಒಂದು ಬಟನ್ ಇರ್ಲಿ.